‘ಪರದೇಶಿ’ಗೆ ಸೊನ್ನೆ ಅಂಕ

ಹೋದ ತಿಂಗಳು ನಮ್ಮ ಶಾಲೆಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಈಗ ನಾನಿರುವುದು ಹುಕ್ಕೇರಿ ತಾಲೂಕಿನಲ್ಲಿ, ಕಣಗಲಾದ ಹತ್ತಿರ. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಗಂಟಲು ಹರಿದುಕೊಂಡು ಸಮಾಜ ವಿಜ್ಞಾನ ಕಲಿಸುತ್ತೇನೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಜಗತ್ತು ಮತ್ತು ನಾವು: ಬೋಧನಾ ಸಾಮಗ್ರಿ’ ಎಂದಿತ್ತು. ನಮ್ಮ ಹೊಸ ವಿಜ್ಞಾನ ಟೀಚರ್ ಉಮೇದಿಯಿಂದ ಕತ್ತರಿ ತಂದು ಟೇಪು ಬಿಡಿಸಿದಳು. ನುಣುಪು ಕಾಗದ, ಅಂಟು, ಹೊಸ ಶಾಯಿಯ ವಾಸನೆ ಭಗ್ಗನೆ ಮುಖಕ್ಕೆ ಬಡಿಯಿತು. “ಎಷ್ಟ ಚಂದ ವಾಸನಿ ನೋಡ್ರಿ ಅಕ್ಕಾ,” ಅಂದಳು ಪಾಪ.

ಕೈಪಿಡಿ ತೆಗೆದು ಬೇರೇನೂ ನೋಡದೆ ನಿರಾಶ್ರಿತರ ಪಾಠಕ್ಕೆ ಹೋದೆ. ಇತ್ತು. ನಾಲ್ಕು ವರ್ಷದ ಹಿಂದಿನ ಅದೇ ವಾಕ್ಯ, ಒಂದಕ್ಷರ ಬದಲಾಗದೆ ಕೂತಿತ್ತು: “ನಿರಾಶ್ರಿತರು ಎಂಬವರು ಹಿಂಸೆಗೊಳಪಡುವ ಸುಸ್ಥಾಪಿತ ಭಯದ ಕಾರಣದಿಂದಾಗಿ ತಮ್ಮ ರಾಷ್ಟ್ರೀಯತೆಯ ದೇಶದ ಹೊರಗಡೆ ಇರುವಂತಹ ವ್ಯಕ್ತಿಗಳಾಗಿರುತ್ತಾರೆ.” ನಾಲ್ಕು ವರ್ಷದಲ್ಲಿ ಒಬ್ಬರಿಗಾದರೂ ಇದನ್ನು ಒಂದು ಸಲ ಬಾಯಿಬಿಟ್ಟು ಓದಿ ನೋಡಬೇಕು ಅನಿಸಲಿಲ್ಲ. ಸುಸ್ಥಾಪಿತ ಭಯ ಅಂತೆ! ಭಯಕ್ಕೂ ಅಡಿಗಲ್ಲು ಹಾಕಿ, ರಿಬ್ಬನ್ ಕತ್ತರಿಸಿ ಸ್ಥಾಪನೆ ಮಾಡ್ತಾರೇನ್ರಿ? ಈ ವಾಕ್ಯ ಬಾಯಿಪಾಠ ಬರಲಿಲ್ಲ ಅಂತ ಒಂದು ಹುಡುಗಿಯ ಶಾಲೆ ಇನ್ನೇನು ಕೈತಪ್ಪಿ ಹೋಗುವುದಿತ್ತು. ಅವಳ ಹೆಸರು ಲಗಮವ್ವ. ಆ ವರ್ಷ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನಾನು ಮೂಡಲಗಿಯಿಂದ ಒಳಗೆ, ಕಬ್ಬಿನ ತೋಟಗಳ ನಡುವಿನ ಒಂದು ಹೈಸ್ಕೂಲಿನಲ್ಲಿದ್ದೆ. ನನ್ನ ತವರು ಅಂಕಲಗಿ, ಮನೆ ಮಾಡಿದ್ದು ಗೋಕಾಕದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಆ ಸಲ ಆಷಾಢದ ಗಾಳಿ ಎಷ್ಟು ಬೀಸಿತೆಂದರೆ ಕರಿಹಲಗೆಯ ಮೇಲೆ ಬರೆದರೆ ಸುಣ್ಣದ ಪುಡಿ ಅಕ್ಷರಕ್ಕೆ ಅಂಟುವ ಮೊದಲೇ ನನ್ನ ಕಣ್ಣಿಗೆ ಬರುತ್ತಿತ್ತು. ಮಳೆ ಇನ್ನೂ ಇರಲಿಲ್ಲ. ಘಟಪ್ರಭೆ ಮಾತ್ರ ಮೇಲಿನ ಮಳೆಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಆ ಗಾಳಿಯಲ್ಲೇ ಸುತ್ತೋಲೆ ಬಂತು: ಒಂಬತ್ತನೆಯ ತರಗತಿಗೆ ಪ್ರತಿ ಶನಿವಾರ ಒಂದು ಪೀರಿಯಡ್ ಜಾಗತಿಕ ಸಮಸ್ಯೆಗಳನ್ನು ಕಲಿಸಬೇಕು. ಹವಾಮಾನ, ಯುದ್ಧ, ನೀರು, ವಲಸೆ, ನಿರಾಶ್ರಿತರು. ಸಾಮಗ್ರಿ ಕಳಿಸಲಾಗಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತವೆ.

ಖರೆ ಹೇಳಬೇಕಂದರೆ ನಾನು ಹಿಗ್ಗಿದೆ. ಹದಿನಾಲ್ಕು ವರ್ಷ ಅದೇ ರಾಜರು, ಅದೇ ಇಸವಿ ಹೇಳಿ ಹೇಳಿ ಬೇಸತ್ತಿದ್ದೆ. ನಮ್ಮ ಮಕ್ಕಳಿಗೆ ಜಗತ್ತು ತೋರಿಸಲು ಅಂತೂ ಒಂದು ಪೀರಿಯಡ್ ಸಿಕ್ಕಿತಲ್ಲ ಎಂದು ಪೆಟ್ಟಿಗೆ ಬಂದ ದಿನ ನಾನೇ ಹೋಗಿ ಬಸ್ ಸ್ಟ್ಯಾಂಡಿನಿಂದ ಹೊತ್ತು ತಂದೆ.

ಒಳಗೆ ಹನ್ನೆರಡು ದೊಡ್ಡ ಪೋಸ್ಟರು, ಬರಹವೆಲ್ಲ ಇಂಗ್ಲಿಷು. ಒಂದರಲ್ಲಿ ಮಂಜುಗಡ್ಡೆಯ ಮೇಲೆ ನಿಂತ ಬಿಳಿ ಕರಡಿ. ಇನ್ನೊಂದರಲ್ಲಿ ಯಾವುದೋ ದೇಶದ ಹೆಂಗಸು ಬಟ್ಟೆಯ ಚೀಲ ಹಿಡಿದುಕೊಂಡು ಅಂಗಡಿಗೆ ಹೊರಟಿದ್ದಾಳೆ. ಹೆಡ್ ಸರ್ ಅವನ್ನು ತಿರುವಿ ನೋಡಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. “ಸರ್, ಮಕ್ಕಳಿಗೆ ತೋರಸಾಕ ಕಳಿಸ್ಯಾರಲ್ರಿ,” ಅಂದೆ. “ತೋರಸ್ರಿ, ಬ್ಯಾಡ ಅಂದವ್ರ ಯಾರು? ಹರದರ ಯಾರ ಜವಾಬ್ದಾರಿ, ಅದನ್ನಷ್ಟ ಹೇಳ್ರಿ,” ಅಂದರು. ಆಮೇಲೆ ಶನಿವಾರ ಶನಿವಾರ ಒಂದೊಂದನ್ನೇ, ಹಬ್ಬದ ಬೆಳ್ಳಿ ಸಾಮಾನಿನ ಹಾಗೆ, ಇಬ್ಬರು ಹುಡುಗಿಯರಿಗೆ ಎರಡು ತುದಿ ಹಿಡಿಸಿ ಹೊರಗೆ ತಂದು ಹಾಗೇ ಒಳಗಿಟ್ಟೆವು.

ಕೈಪಿಡಿ ಕನ್ನಡದ್ದು ಎನ್ನಬೇಕು. ಅಕ್ಷರ ಕನ್ನಡದವೇ ಇದ್ದವು. ನೀರಿನ ಪಾಠದಲ್ಲಿ “ಸ್ನಾನದ ತೊಟ್ಟಿಯನ್ನು ತುಂಬಿಸುವ ಬದಲು ಶವರ್ ಬಳಸಿರಿ” ಎಂದು ಓದಿದೆ. ಹಿಂದಿನ ಸಾಲಿನಿಂದ ಲಗಮವ್ವ ಎದ್ದು ನಿಂತಳು. ಕುರಿ ಸಾಕುವವರ ಮನೆಯ ಹುಡುಗಿ, ಸಣ್ಣ ಮೈ, ಮಾತು ಮಾತ್ರ ಕಡ್ಡಿ ಮುರಿದ ಹಾಗೆ. “ಟೀಚರ್, ತೊಟ್ಟಿ ಅಂದ್ರ ದನಾ ನೀರ ಕುಡಿಯೂದಲ್ರಿ? ಅದರಾಗ ಇಳದ ಜಳಕಾ ಮಾಡಿದ್ರ ದನಾ ಮತ್ತ ಏನ್ ಕುಡಿಬೇಕ್ರಿ?” ತರಗತಿ ಹೋ ಎಂದು ನಕ್ಕಿತು, ನಾನೂ ನಕ್ಕೆ. ಮನೆಗೆ ಹೋಗಲು ಬಸ್ಸಿನಲ್ಲಿ ಕೂತಾಗ ಸಿಟ್ಟು ಬಂತು. ನಮ್ಮ ಊರ ಹೆಂಗಸರು ಕೊಡ ಹೊತ್ತು ನೀರು ತರುವ ಜಾಗಕ್ಕೆ ಶವರಿನ ಪಾಠ ಕಳಿಸಿದವರು ಪಗಾರ ತಗೊಂಡೇ ಕಳಿಸಿದ್ದಾರಲ್ಲ ಎಂದು.

ಹೋಗಲಿ, ನಾನೇ ಹುಡುಕೋಣ ಎಂದು ಗೋಕಾಕದ ಪುಸ್ತಕದ ಅಂಗಡಿಗಳನ್ನೆಲ್ಲ ಅಲೆದೆ. “ನಿರಾಶ್ರಿತರ ಬಗ್ಗೆ, ವಲಸೆ ಬಗ್ಗೆ ಮಕ್ಕಳು ಓದೂವಂಥಾದ್ದು ಕನ್ನಡದಾಗ ಏನರ ಐತೇನ್ರಿ?” ಎಂದರೆ ಅಂಗಡಿಯವ ನನ್ನನ್ನೇ ಪಾಪ ಎಂಬಂತೆ ನೋಡಿ, “ಗೈಡ್ ಕೊಡ್ಲೇನ್ರಿ ಮೇಡಂ?” ಎಂದ. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ಕಟ್ಟಿಟ್ಟಿದ್ದರು. ಬೇಡಿಕೊಂಡು ನಾಲ್ಕು ಚಿತ್ರ ಕತ್ತರಿಸಿಕೊಂಡೆ. ಮೊಬೈಲಿನಲ್ಲಿ ವಿಡಿಯೋ ಸಿಕ್ಕವು. ಆದರೆ ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಬರುವುದು ಆವರಣದ ಬೇವಿನ ಗಿಡದ ಬುಡದಲ್ಲಿ ಮಾತ್ರ. ನಲವತ್ತೆರಡು ಮಕ್ಕಳು ಒಂದು ಅಂಗೈಯಗಲದ ಮೊಬೈಲಿನ ಸುತ್ತ ನಿಂತು ನೋಡಬೇಕು. ಮುಂದೆ ನಿಂತವರಿಗೆ ಜಗತ್ತು ಕಂಡಿತು, ಹಿಂದಿನವರಿಗೆ ಮುಂದಿನವರ ಬೆನ್ನು ಕಂಡಿತು.

ಶ್ರಾವಣದಲ್ಲಿ ಜಿಟಿಜಿಟಿ ಹಿಡಿಯಿತು. ಒಂದು ಶನಿವಾರ ಮುಂಜಾನೆ ಮಕ್ಕಳು ಗೊಬ್ಬರದ ಖಾಲಿ ಚೀಲವನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದುಕೊಂಡು ಬಂದರು. ಬಾಗಿಲಲ್ಲಿ ನೀರು ಕೊಡವುತ್ತಿದ್ದ ಲಗಮವ್ವನ ಬೆನ್ನ ಮೇಲೆ ಇಂಗ್ಲಿಷ್ ಅಕ್ಷರ ಕಂಡವು. ಪೊಟ್ಯಾಷ್ ಚೀಲ, ಕೆಳಗೆ ಸಣ್ಣದಾಗಿ ಅದು ಬಂದ ದೇಶದ ಹೆಸರು: ಜೋರ್ಡಾನ್. “ನಿಲ್ಲವಾ, ಅಲ್ಲೇ ನಿಲ್ಲು,” ಎಂದು ಅವಳನ್ನು ತಿರುಗಿಸಿ ನಿಲ್ಲಿಸಿ ತರಗತಿಗೆಲ್ಲ ಅವಳ ಬೆನ್ನು ಓದಿಸಿದೆ. “ಅಯ್ಯ, ನನ್ನ ಬೆನ್ನಾಗ ಒಂದ ದೇಶ ಐತೇನ್ರಿ!” ಎಂದು ಅವಳು ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ನಕಾಶೆ ಬಿಚ್ಚಿದೆವು. ಆ ದಿನ ನನ್ನ ತರಗತಿಯಲ್ಲಿ ಗಂಟೆ ಬಾರಿಸಿದ್ದು ಯಾರಿಗೂ ಕೇಳಲಿಲ್ಲ. ಕಬ್ಬಿಗೆ ಹಾಕುವ ಗೊಬ್ಬರ ಸಮುದ್ರ ದಾಟಿ ಬರುತ್ತದೆ, ನಮ್ಮ ಸಕ್ಕರೆಯ ರೇಟು ಬ್ರೆಜಿಲಿನ ಕಬ್ಬನ್ನೂ ಕೇಳಿಕೊಂಡು ಏರುತ್ತದೆ ಇಳಿಯುತ್ತದೆ ಎಂದಾಗ, ಎಂದೂ ಬಾಯಿ ಬಿಡದ ಹುಡುಗರೂ “ಹೌದೇನ್ರಿ? ಖರೇನ?” ಎಂದರು. ಮುಂದಿನ ವಾರ ಚೀಲ, ಔಷಧದ ಡಬ್ಬಿ, ಟಾರ್ಚು, ಮೊಬೈಲು ಬಂದ ರಟ್ಟಿನ ಖೋಕಾ ಎಲ್ಲ ಹೊತ್ತು ತಂದರು. ಸುತ್ತೋಲೆಯವರು ಒಂದು ರೂಪಾಯಿಯ ಖರ್ಚಿಲ್ಲದೆ ಕಳಿಸಬಹುದಾಗಿದ್ದ ಸಾಮಗ್ರಿ ನಮ್ಮ ಮಕ್ಕಳ ತಲೆಯ ಮೇಲೇ ಇತ್ತು, ಅದನ್ನು ಹೇಳುವವರು ಬೇಕಿತ್ತು ಅಷ್ಟೆ.

ಜೋರ್ಡಾನಿನ ಬಾಜೂ ಸಿರಿಯಾ. ಅಲ್ಲಿ ಯುದ್ಧವಾಗಿ ಲಕ್ಷಗಟ್ಟಲೆ ಮಂದಿ ಗಡಿ ದಾಟಿ ಬಂದು ಡೇರೆಯೊಳಗೆ ಇದ್ದಾರೆ ಎಂದು ಪತ್ರಿಕೆಯ ಚಿತ್ರ ತೋರಿಸಿದೆ. ಲಗಮವ್ವ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. “ಕುರಿ ಎಲ್ಲಿ ಅದಾವ್ರಿ?” ಅಂದಳು. “ಕುರಿ ಇಲ್ಲವಾ ಅವರ ಕಡೆ.” “ಕುರಿ ಇಲ್ಲದ ಡೇರೆದಾಗ ಯಾಕ ಇರ್ತಾರ್ರಿ ಮತ್ತ? ಮನಿಗಿ ಹೋಗೂದಪ.” ಅವಳ ಲೆಕ್ಕದಲ್ಲಿ ಡೇರೆ ಹಾಕುವುದು ಕುರಿಗಾಗಿ. ಅವರ ಮನೆಯವರು ದೀಪಾವಳಿ ಪಾಡ್ಯ ಮುಗಿಸಿ ಕುರಿ ಹೊಡೆದುಕೊಂಡು ಘಟ್ಟದ ಕಡೆ ಹೊರಟರೆ ಮೊದಲ ಮಳೆಗೇ ತಿರುಗಿ ಬರುವುದು.

ಮನೆಗೆ ಹೋಗಲು ಮನೆ ಇಲ್ಲ, ಹೋದರೆ ಕೊಲ್ಲುತ್ತಾರೆ ಎಂದು ಹೇಗೆ ಹೇಳಲಿ? ಕೈಪಿಡಿಯ ವಾಕ್ಯ ಓದಿದೆ. ನಲವತ್ತೆರಡು ಮುಖಗಳೂ ಗೋಡೆಯಂತೆ ಕೂತವು. ಆಗ ನನ್ನ ಬಾಯಿಂದ ಬಂದದ್ದು ನಮ್ಮ ಮನೆಯ ಮಾತು: “ಪರದೇಶಿ ಆದವರು, ತಿಳೀತಿಲ್ಲ? ಹೇಳವ್ರು ಕೇಳವ್ರು ಇಲ್ಲದ ಪರದೇಶಿ ಆಗಿ ನಿಂತವರು.” “ಅಯ್ಯ ಪಾಪ,” ಎಂದು ಹುಡುಗಿಯರ ಸಾಲು ಒಂದೇ ದನಿಯಲ್ಲಿ ಅಂದಿತು. ನಮ್ಮ ಕಡೆ ಪರದೇಶಿ ಅಂದರೆ ವಿಮಾನದಲ್ಲಿ ಬಂದ ಬಿಳಿಯ ಅಲ್ಲ. ತಾಯಿ ತಂದೆ ಸತ್ತ ಕೂಸು ಪರದೇಶಿ, ಅಣ್ಣತಮ್ಮಂದಿರು ಹೊರಹಾಕಿದ ಮುದುಕಿ ಪರದೇಶಿ. ದಿಕ್ಕಿಲ್ಲದವರಿಗೆಲ್ಲ ನಾವು ಹಾಗೇ ಅನ್ನುತ್ತೇವೆ. ಎರಡು ಕ್ಷಣದಲ್ಲಿ ಪಾಠ ಆಯಿತು. ನಾನು ಬೀಗಿದೆ. ಆ ಬೀಗಿದ್ದಕ್ಕೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಗಣಪತಿ ಹಬ್ಬ ಮುಗಿದ ಮೇಲೆ ಲಗಮವ್ವನ ಅಪ್ಪ ಬೀರಪ್ಪನನ್ನು ತರಗತಿಗೆ ಕರೆಸಿದೆ. ಊರೂರು ತಿರುಗುವವರ ಕಷ್ಟ ಅವನ ಬಾಯಿಂದಲೇ ಕೇಳಲಿ ಎಂದು. ಖುರ್ಚಿ ಹಾಕಿದರೆ ಕೂರಲಿಲ್ಲ. ಕಂಬಳಿ ಹಾಸಿ ಬಾಗಿಲ ಬಾಜೂ ನೆಲದ ಮೇಲೇ ಕೂತ. “ನಾ ಏನ್ ಹೇಳ್ಲ್ರಿ ಬಾಯಾರ, ನಾ ಸಾಲಿ ಕಟ್ಟಿ ಹತ್ತಿದಾವ ಅಲ್ಲ,” ಎಂದು ಮೊದಲು ನಾಚಿದ. ಆಮೇಲೆ ಶುರು ಮಾಡಿದವ ನಿಲ್ಲಿಸಲಿಲ್ಲ. ಯಾವ ಊರಿನ ಕೆರೆಯಲ್ಲಿ ಕುರಿಗೆ ನೀರು ಬಿಡುತ್ತಾರೆ, ಯಾವ ಊರಿನಲ್ಲಿ ಕಲ್ಲು ಒಗೆಯುತ್ತಾರೆ, ಗಡಿಯ ಆಚೆಗೆ ಹೋದರೆ ಮರಾಠಿ ಮಾತಾಡಿದರೂ ಹೇಗೆ ಗುರುತು ಹಿಡಿಯುತ್ತಾರೆ, ಎಲ್ಲ ಹೇಳಿದ. ಹುಡುಗರು ನಡುನಡುವೆ ನಕ್ಕರು.

ಕೊನೆಗೆ ಅವನೇ ಹೇಳಿದ ಮಾತಿಗೆ ಯಾರೂ ನಗಲಿಲ್ಲ. “ಎರಡ ವರ್ಷದ ಹಿಂದ ನಮ್ಮವ್ವ ಹಾದ್ಯಾಗ ಸತ್ತಳ್ರಿ. ಮುಂಜಾನಿ ಸತ್ತಾಕಿ. ಮಣ್ಣ ಮಾಡೂದ ಎಲ್ಲಿ? ಆ ಊರ ಮಂದಿ, ನಮ್ಮ ಊರಾಗ ಬ್ಯಾಡ ಅಂದ್ರು. ಹೊಲದಾವ, ನನ್ನ ಹೊಲದಾಗ ಬ್ಯಾಡ ಅಂದ. ಹೆಣಾ ಮುಂದ ಇಟ್ಕೊಂಡ ಹೊತ್ತ ಮುಳಗೂತನಕ ಕುಂತಿವ್ರಿ. ಕಡೀಕ ಒಬ್ಬ ಮುದಕ ಹಳ್ಳದ ದಂಡ್ಯಾಗ ಜಾಗಾ ತೋರಿಸಿದ. ಅವನ ಹೊಟ್ಟಿ ತಣ್ಣಗಿರ್ಲಿ.” ಹೀಗೆ ಹೇಳಿ ಬೀರಪ್ಪ ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು, ಕುರಿ ಬಿಟ್ಟು ಬಂದೀನ್ರಿ ಎಂದು ಹೋಗಿಬಿಟ್ಟ. ಲಗಮವ್ವ ತಲೆ ಬಗ್ಗಿಸಿ ಕೂತಿದ್ದಳು. ಸತ್ತವಳು ಅವಳ ಆಯಿ, ಅಪ್ಪನ ತಾಯಿ. ಇವಳನ್ನು ಆಡಿಸಿ ಬೆಳೆಸಿದವಳು.

ಆ ವರ್ಷ ಒಂದು ಹೊಸ ಆಸೆ ಹುಟ್ಟಿತ್ತು. ಪೇಟೆಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಒಂದಿಷ್ಟು ಸೀಟು. ಅರ್ಧವಾರ್ಷಿಕ ಪರೀಕ್ಷೆಯ ಅಂಕ ನೋಡಿ ಕೊಡುತ್ತೇವೆ ಎಂದಿದ್ದರು. ಲಗಮವ್ವನಿಗೆ ಅದು ಸಿಕ್ಕರೆ ಅಲ್ಲಿ ಉಳಿದು ಓದಬಹುದು. ಇಲ್ಲದಿದ್ದರೆ ದೀಪಾವಳಿ ಆದ ಮೇಲೆ ಕುರಿಯ ಹಿಂದೆ. ಇಷ್ಟು ವರ್ಷ ಅರ್ಧ ಶಾಲೆ ಅರ್ಧ ಕುರಿ ಎಂದು ಹೇಗೋ ನಡೆದಿತ್ತು, ಈ ಸಲ ಹೋದರೆ ತಿರುಗಿ ಬರುವ ಆಸೆ ಇರಲಿಲ್ಲ. ಅವಳ ಅಕ್ಕ ಎಂಟನೆಯ ತರಗತಿಯಲ್ಲಿದ್ದಾಗ ಹಾಗೆ ಹೋದವಳು ಮತ್ತೆ ಶಾಲೆಗೆ ಬರಲಿಲ್ಲ, ಮುಂದಿನ ವರ್ಷ ಮದುವೆ ಮಾಡಿದರು. ಬೀರಪ್ಪ ನನಗೆ ಖಡಾಖಂಡಿತ ಹೇಳಿದ್ದ: “ಸೀಟ ಸಿಕ್ರ ಬಿಟ್ಟ ಹೋಗ್ತೀನ್ರಿ. ಇಲ್ಲಾಂದ್ರ ಒಬ್ಬಾಕಿನ್ನ ಯಾರ ಮನ್ಯಾಗ ಇಡ್ಲ್ರಿ?”

ದಸರೆಗೆ ಮೊದಲು ಪರೀಕ್ಷೆ ಆಯಿತು. ನಮ್ಮ ಪತ್ರಿಕೆ ಬೇರೆ ಶಾಲೆಯವರು ತಿದ್ದಬೇಕು, ಅವರದನ್ನು ಇನ್ನೊಬ್ಬರು. ರಜೆ ಮುಗಿಸಿ ಬಂದರೆ ಬಿಸಿಲು ಚುರುಚುರು ಅನ್ನುತ್ತಿತ್ತು, ಕಬ್ಬಿನ ಹಂಗಾಮಿಗೆ ಟ್ರ್ಯಾಕ್ಟರುಗಳು ಸಜ್ಜಾಗುತ್ತಿದ್ದವು, ಹಾಸ್ಟೆಲ್ ಪಟ್ಟಿ ಬಂದಿತ್ತು. ಲಗಮವ್ವನ ಹೆಸರು ಇರಲಿಲ್ಲ. ಎರಡು ಅಂಕ ಕಡಿಮೆ.

ಅವಳ ಉತ್ತರ ಪತ್ರಿಕೆ ತರಿಸಿ ನೋಡಿದೆ. “ನಿರಾಶ್ರಿತರು ಎಂದರೆ ಯಾರು?” ನಾಲ್ಕು ಅಂಕದ ಪ್ರಶ್ನೆ. ಅವಳು ಬರೆದಿದ್ದಳು: “ನಿರಾಶ್ರಿತರು ಎಂದರೆ ಪರದೇಶಿಗಳು. ಅವರಿಗೆ ಹೇಳುವವರು ಕೇಳುವವರು ಇರುವುದಿಲ್ಲ. ತಮ್ಮ ಮನೆಯವರು ಸತ್ತರೆ ಮಣ್ಣು ಮಾಡಲು ಸಹ ಬೇರೆಯವರನ್ನು ಜಾಗ ಕೇಳಬೇಕು.” ಪರದೇಶಿ ಎಂಬ ಪದದ ಸುತ್ತ ಕೆಂಪು ಸುತ್ತು. ಬಾಜೂ ಟಿಪ್ಪಣಿ: “ಪರದೇಶಿ ಎಂದರೆ ವಿದೇಶಿ ಪ್ರವಾಸಿ. ಉತ್ತರ ತಪ್ಪು.” ಕೊನೆಯ ಸಾಲಿನ ಮೇಲೆ ಉದ್ದಕ್ಕೆ ಒಂದು ಗೆರೆ. ಸೊನ್ನೆ.

ನಾನು ಆ ಹಾಳೆ ಹಿಡಿದುಕೊಂಡು ಸ್ಟಾಫ್ ರೂಮಿನಲ್ಲೇ ಕೂಗಾಡಿದೆ. ತಿದ್ದಿದವರು ನಮ್ಮ ಕಡೆಯವರೇ, ಅವರ ಮನೆಯಲ್ಲೂ ಅವರ ಅವ್ವ “ಪರದೇಶಿ ಆಗಿ ಹೋತು ಕೂಸು” ಎಂದು ಹತ್ತು ಸಲ ಅಂದಿರುತ್ತಾಳೆ. ಕೆಂಪು ಪೆನ್ನು ಕೈಗೆ ಬಂದ ಕೂಡಲೇ ಅವ್ವನ ಮಾತು ಮರೆತು ಹೋಗುತ್ತದಾ? ಈ ಜಿಲ್ಲೆಯಲ್ಲಿ ಆ ಪ್ರಶ್ನೆಗೆ ಅಷ್ಟು ಸತ್ಯವಾದ ಉತ್ತರ ಮತ್ತೊಂದು ಬಂದಿರಲಿಕ್ಕಿಲ್ಲ. ಸುಸ್ಥಾಪಿತ ಭಯ ಎಂದು ಗಿಳಿಪಾಠ ಒಪ್ಪಿಸಿದವರಿಗೆ ನಾಲ್ಕಕ್ಕೆ ನಾಲ್ಕು. ತನ್ನ ಆಯಿಯ ಹೆಣದ ಮುಂದೆ ಕೂತು ಕಲಿತದ್ದನ್ನು ಬರೆದವಳಿಗೆ ಸೊನ್ನೆ. ಒಂದು ಅಂಕವೂ ಬೇಡವಾ ಅದಕ್ಕೆ? ಅರ್ಧ ಅಂಕ?

ಹೆಡ್ ಸರ್ ಸಮಾಧಾನ ಹೇಳಿದರು. “ಬಾಯಿ ಮಾತಿನ್ಯಾಗ ಹೋಗಿ ಕೇಳ್ರಿ ಟೀಚರ್, ಅರ್ಜಿ ಗಿರ್ಜಿ ಬರೀಬ್ಯಾಡ್ರಿ. ಕಾಗದ ಒಮ್ಮೆ ಒಳಗ ಹೋತಂದ್ರ ಹೊರಗ ಬರೂದಿಲ್ಲ.” ನಾನು ಕೇಳಲಿಲ್ಲ. ಸಿಟ್ಟಿನ ಭರದಲ್ಲಿ ಮೂರು ಪುಟ ತಕರಾರು ಅರ್ಜಿ ಬರೆದು, ಪರದೇಶಿ ಪದದ ಅರ್ಥ, ಬೀರಪ್ಪನ ಕಥೆ, ಕೈಪಿಡಿಯ ಕನ್ನಡ, ಶವರು, ಎಲ್ಲ ಸೇರಿಸಿ ಆ ಪರೀಕ್ಷೆ, ಹಾಸ್ಟೆಲ್ ಪಟ್ಟಿ ಎರಡನ್ನೂ ನೋಡಿಕೊಳ್ಳುವ ಉಸ್ತುವಾರಿ ಕಚೇರಿಗೆ ಕಳಿಸಿದೆ. ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಅದೊಂದೇ ಹಾಗಿದೆ ಎಂದು ಉಳಿದವರು ನೆಮ್ಮದಿಯಿಂದ ಮಲಗುತ್ತಾರೆ.

ಹದಿನೈದು ದಿನ ಉತ್ತರವಿಲ್ಲ. ದೀಪಾವಳಿಗೆ ಎರಡು ದಿನ ಇರುವಾಗ ನಾನೇ ಲಗಮವ್ವನನ್ನೂ ಬೀರಪ್ಪನನ್ನೂ ಕರೆದುಕೊಂಡು ಹೋದೆ. ಅವರ ಡೇರೆಯ ಬಟ್ಟೆ, ಪಾತ್ರೆ ಪಡಗ ಆಗಲೇ ಕಟ್ಟಿಟ್ಟಾಗಿತ್ತು. ಕಚೇರಿಯಲ್ಲಿ ಬೀರಪ್ಪ ಹೊರಗೆ ಮೆಟ್ಟಿಲ ಹತ್ತಿರ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ಅಲ್ಲಿಯ ಸಾಹೇಬರು ಕೆಟ್ಟವರಲ್ಲ. ಅದೇ ನನಗೆ ಇನ್ನೂ ಸಿಟ್ಟು. ಚಹಾ ತರಿಸಿದರು, ಹುಡುಗಿಯ ತಲೆ ಸವರಿದರು, ಉತ್ತರವನ್ನು ಎರಡು ಸಲ ಓದಿದರು.

“ಮಸ್ತ್ ಬರದಾಳ್ರಿ ಹುಡುಗಿ,” ಅಂದರು. “ನಮ್ಮವ್ವನೂ ಪರದೇಶಿ ಅಂತಿದ್ಲು. ಆದ್ರ ನಾ ಏನ್ ಮಾಡ್ಲಿ? ಮಾದರಿ ಉತ್ತರದಾಗ ಇಲ್ಲಲ್ಲ.”

“ಮಾದರಿ ಉತ್ತರ ಬರದಾವ್ರಿಗೆ ಕನ್ನಡ ಬರೂದಿಲ್ಲಂದ್ರ ಈ ಹುಡಿಗಿ ಯಾಕ ಕುರಿ ಹಿಂದ ಹೋಗ್ಬೇಕ್ರಿ ಸಾಹೇಬ್ರ?”

“ಕೇಳ್ರಿಲ್ಲೆ ಮೇಡಂ, ಸಿಟ್ಟಿಗೇಳಬ್ಯಾಡ್ರಿ. ಖರೆ ಹೇಳ್ತೇನಿ. ಒಂದ ಸೀಟ ಖಾಲಿ ಆಗೇತಿ. ಒಬ್ಬಾಕಿ ಬಿಟ್ಟ ಹೋಗ್ಯಾಳ. ಪಟ್ಟಿಯೊಳಗ ಮುಂದಿನ ಹೆಸರು ಈಕೀದ ಐತಿ.”

ಲಗಮವ್ವ ನನ್ನ ಸೆರಗು ಹಿಡಿದುಕೊಂಡಳು.

“ಆದ್ರ ಕೊಡಾಕ ಬರೂದಿಲ್ಲ,” ಅಂದರು ಸಾಹೇಬರು. “ನಿಮ್ಮ ತಕರಾರ ಅರ್ಜಿ ಐತಲ್ಲ. ತಕರಾರ ಇತ್ಯರ್ಥ ಆಗೂತನಕ ಈಕಿ ಹೆಸರ ತಡದ ಇಡಬೇಕಂತ ನಿಯಮ. ಅದು ಮ್ಯಾಲ ಹೋಗಿ ಬರೂದ್ರಾಗ ಬ್ಯಾಸಿಗಿ ಬರ್ತೈತಿ. ಹಬ್ಬ ಆದ ಮರುದಿನ ಸೀಟ ಅದರ ಮುಂದಿನ ಹುಡಿಗಿಗೆ ಹೋಗ್ತೈತಿ.”

ಅಂದರೆ ಬಾಗಿಲು ತೆರೆದಿತ್ತು. ಅದಕ್ಕೆ ಅಡ್ಡ ನಿಂತದ್ದು ನನ್ನ ಮೂರು ಪುಟ. ಹೆಡ್ ಸರ್ ಬಡಕೊಂಡಿದ್ದರು, ನಾನು ಕೇಳಿರಲಿಲ್ಲ. “ಅರ್ಜಿ ವಾಪಸ್ ತಗೋತೇನ್ರಿ,” ಅಂದೆ.

“ನಿಮ್ಮದಷ್ಟ ಸಾಕಾಗೂದಿಲ್ಲ. ವಿದ್ಯಾರ್ಥಿನಿ ಕೈಬರಹದಾಗ ಒಂದ ಪತ್ರ ಬೇಕು. ಉತ್ತರ ತಪ್ಪಿತ್ತು, ತಿದ್ದಿದ್ದು ಸರಿ ಐತಿ, ತಕರಾರ ಇಲ್ಲ ಅಂತ. ಏನ್ ತಪ್ಪಿತ್ತು ಅನ್ನೂದು ಸ್ಪಷ್ಟ ಇರ್ಲಿ. ನಾಳೆ ಯಾರರ ಕೇಳಿದ್ರ ಕಾಗದ ಮಾತಾಡಬೇಕು.” ಬಿಳಿ ಹಾಳೆ, ಪೆನ್ನು ಅವರೇ ಕೊಟ್ಟರು. ಅಷ್ಟೊಂದು ಒಳ್ಳೆಯವರು.

ಲಗಮವ್ವ ಮೇಜಿನ ಮೂಲೆಗೆ ನಿಂತುಕೊಂಡೇ ಬರೆಯಲು ಹಾಳೆ ಸರಿಮಾಡಿದಳು. ‘ಮಾನ್ಯರೇ’ ಎಂದು ಬರೆದು ನನ್ನ ಮುಖ ನೋಡಿದಳು. “ಟೀಚರ್, ಯಾವ ಮಾತ ತಪ್ಪ ಅಂತ ಬರೀಲ್ರಿ? ಪರದೇಶಿ ಅನ್ನೂದೋ, ಮಣ್ಣ ಮಾಡೂದೋ?”

ಬರೆಯುವುದಿಲ್ಲ, ಕೊಡುವುದಿಲ್ಲ, ನಡಿ ಹೋಗೋಣ ಎಂದು ನಾನು ಹೇಳಬಹುದಿತ್ತು. ಹೇಳಿದ್ದರೆ ನನಗೇನು ಹೋಗುತ್ತಿತ್ತು? ನನ್ನ ಪಗಾರ ಬರುತ್ತಿತ್ತು, ನನ್ನ ಬಸ್ಸು ಬರುತ್ತಿತ್ತು. ಘಟ್ಟದ ಹಾದಿ ಹಿಡಿಯುವವಳು ಅವಳು. ಹೊರಗೆ ಮೆಟ್ಟಿಲ ಮೇಲೆ ಬೀರಪ್ಪನ ರುಮಾಲು ಕಾಣುತ್ತಿತ್ತು. “ಎರಡೂ ತಪ್ಪ ಅಂತ ಬರಿಯವಾ,” ಅಂದೆ.

ಸ್ಟಾಫ್ ರೂಮಿನಲ್ಲಿ ಕೂಗಾಡಿದ ಇದೇ ಬಾಯಿಂದ ಒಂದೊಂದೇ ವಾಕ್ಯ ಹೇಳಿಕೊಟ್ಟೆ: “ನಿರಾಶ್ರಿತರನ್ನು ಪರದೇಶಿಗಳು ಎಂದು ಬರೆದದ್ದು ತಪ್ಪಾಗಿರುತ್ತದೆ. ಮನೆಯವರು ಸತ್ತರೆ ಮಣ್ಣು ಮಾಡಲು ಬೇರೆಯವರನ್ನು ಜಾಗ ಕೇಳಬೇಕು ಎಂದು ಬರೆದದ್ದು ಸಹ ತಪ್ಪಾಗಿರುತ್ತದೆ. ಮೌಲ್ಯಮಾಪನ ಸರಿಯಾಗಿರುತ್ತದೆ.” ಅವಳು ಬರೆದಳು. ಒಂದೂ ಕಾಗುಣಿತ ತಪ್ಪಿಲ್ಲ. “ಅಕ್ಷರ ಮುತ್ತಿನಂಗ ಅದಾವಲ್ಲ!” ಎಂದು ಸಾಹೇಬರು ಮೆಚ್ಚಿಕೊಂಡು ಅಲ್ಲೇ ಸೀಟಿನ ಕಾಗದಕ್ಕೆ ಸಹಿ ಹಾಕಿದರು. ಆಮೇಲೆ ಶಾಲೆಯಲ್ಲಿ ಎಲ್ಲರೂ ನನಗೆ ಶಭಾಶ್ ಅಂದರು. ಟೀಚರ್ ಹಟ ಹಿಡಿದು ಸೀಟು ತಂದರು ಎಂದು.

ಹೊರಗೆ ಬಂದಾಗ ಬೀರಪ್ಪ ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ನಾನು ಹಿಂದೆ ಸರಿದೆ. ನನ್ನ ಕಾಲು ಮುಟ್ಟುವಂಥದ್ದೇನೂ ಒಳಗೆ ಆಗಿರಲಿಲ್ಲ. ಅವನು ಮಗಳ ಕಡೆ ತಿರುಗಿ, “ಒಳಗ ಏನ್ ಬರಸ್ಕೊಂಡ್ರವಾ ಅಷ್ಟೊತ್ತು?” ಎಂದು ಕೇಳಿದ.

“ನಮ್ಮ ಆಯಿನ್ನ ಮಣ್ಣ ಮಾಡಾಕ ನೀವು ಜಾಗಾ ಕೇಳಿದ್ದು ಸುಳ್ಳಂತ ಬರದ ಕೊಟ್ನಪ್ಪ,” ಅಂದಳು ಲಗಮವ್ವ. ಅಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಬೀರಪ್ಪ ಅವಳ ಕೈಯಿಂದ ಸೀಟಿನ ಕಾಗದ ಇಸಿದುಕೊಂಡು, ಜತನವಾಗಿ ಮಡಿಚಿ ಕಿಸೆಗೆ ಇಟ್ಟುಕೊಂಡ.

“ಹೋಗ್ಲಿ ಬಿಡವಾ,” ಅಂದ. “ನಿಮ್ಮ ಆಯಿ ಏನ್ ಓದಾಕ ಬರ್ತಾಳೇನು?”